ಗೆರೆಗೆ ಎರಡು ಬೆರಳು ಕಡಿಮೆ

ಡಿಸೆಂಬರ್ ೯
ವಾಚನಾಲಯ, ಮಧ್ಯಾಹ್ನ

ಪ್ರೀತಿಯ ಅಕ್ಕ,

ಹೇಗಿದ್ದೀಯ? ಭಾವ, ಪುಟ್ಟಿ ಹೇಗಿದ್ದಾರೆ? ನಿನ್ನ ಪತ್ರ ಬಂದು ಇಪ್ಪತ್ತೆರಡು ದಿನವಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಬೈದುಕೊಂಡಿರುತ್ತೀಯ, ಬೈದುಕೋ. ಕೆಲಸ ಜಾಸ್ತಿ ಅಂತ ಸುಳ್ಳು ಹೇಳಬಹುದಿತ್ತು. ಆದರೆ ಇಲ್ಲಿ ನನ್ನ ಕೆಲಸವೆಂದರೆ ಪೇಪರ್ ಓದುತ್ತಾ ನಿದ್ದೆ ಹೋದವರ ಕೈಯಿಂದ ಪೇಪರ್ ಬಿಡಿಸಿ ಮಡಿಸಿಡುವುದು, ಅಷ್ಟೆ. ನಿಜವಾದ ಕಾರಣ ಬೇರೆ. ಮನೆಯಲ್ಲಿ ಏನೋ ನಡೆಯುತ್ತಿದೆ. ಏನೆಂದು ಖಚಿತವಾದ ಮೇಲೆ ಬರೆಯೋಣ ಅಂತ ಕಾದೆ. ಖಚಿತವಾಗಲಿಲ್ಲ. ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದಕ್ಕೂ ಆಗುತ್ತಿಲ್ಲ. ಫೋನ್ ಮಾಡು ಅನ್ನುತ್ತೀಯ. ಫೋನ್ ಹಿಡಿದರೆ ನನ್ನ ಬಾಯಿಗೆ ಬೀಗ ಬೀಳುತ್ತದೆ, ನಿನಗೇ ಗೊತ್ತು.

ಅಮ್ಮನಿಗೆ ಒಬ್ಬರು ಗಿರಾಕಿ ಇದ್ದಾರೆ. ಬಸ್ ಡ್ರೈವರ್. ಅರವತ್ತು ತುಂಬುತ್ತಿದೆ, ಕುಳ್ಳಗಿನ ಆಸಾಮಿ, ಅಂಗಿಗೆ ಯಾವಾಗಲೂ ಗಂಜಿ ಹಾಕಿದ ಮಡಿಕೆ. ಸಂಜೆ ಬಸ್ಸನ್ನು ಡಿಪೋಗೆ ಬಿಟ್ಟು, ಕೈಚೀಲ ಹಿಡಿದು ನೇರ ನಮ್ಮ ಅಂಗಡಿಗೆ ಬರುತ್ತಾರೆ. ಚೀಲದಲ್ಲಿ ಒಂದು ಅಂಗಿ ಇರುತ್ತದೆ, ಆ ಅಂಗಿಗೆ ಒಂದು ಗುಂಡಿ ಇರುವುದಿಲ್ಲ. ವಾರಕ್ಕೆ ಎರಡು ಸಲ ಇದೇ ಕಥೆ.

"ಮತ್ತೆ ಗುಂಡಿ ಹೋಯ್ತಾ ಡ್ರೈವರ್ರೇ?" ಅಂತಾಳೆ ಅಮ್ಮ, ತಲೆ ಎತ್ತದೆ.

"ಸ್ಟೇರಿಂಗಿಗೆ ಸಿಕ್ಕಿಕೊಳ್ಳುತ್ತೆ ಟೈಲರಮ್ಮ."

"ತೋಳಿನ ಗುಂಡಿ ಸಿಕ್ಕಿಕೊಳ್ಳುತ್ತೆ ಅಂದ್ರೆ ನಂಬಬಹುದು. ಇದು ಕಾಲರ್ ಗುಂಡಿ. ಕುತ್ತಿಗೆಯಿಂದ ತಿರುಗಿಸ್ತೀರಾ ಬಸ್ಸನ್ನ?"

ಅವರು ನಗುತ್ತಾರೆ. ಅಮ್ಮನೂ ನಗುತ್ತಾಳೆ. ಅಕ್ಕ, ಅಮ್ಮ ನಗುತ್ತಾಳೆ! ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನಗುತ್ತಾಳೆ.

ಒಂದು ದಿನ ಆ ಅಂಗಿಯನ್ನು ನಾನೇ ತೆಗೆದು ನೋಡಿದೆ. ಟೈಲರ್ ಮಗಳಲ್ಲವೇ, ಇಷ್ಟು ಗೊತ್ತಾಗುತ್ತದೆ: ಹರಿದ ದಾರದ ತುದಿ ಎಳೆ ಬಿಟ್ಟುಕೊಂಡಿರುತ್ತದೆ. ಇದರ ತುದಿ ಚೊಕ್ಕವಾಗಿತ್ತು. ಯಾರೋ ಬ್ಲೇಡಿನಲ್ಲಿ ಕತ್ತರಿಸಿದ್ದಾರೆ.

ಇನ್ನೊಂದು ಸಾಕ್ಷಿ ಕೇಳು. ಅಮ್ಮನ ಅಳತೆ ಪುಸ್ತಕ ಗೊತ್ತಲ್ಲ. ಗಿರಾಕಿಯ ಹೆಸರು ಬರೆಯದೆ ಚಿತ್ರ ಹಾಕುವ ಅವಳ ಚಾಳಿ ಹಾಗೇ ಇದೆ. ಬ್ಯಾಂಕಿನವರಿಗೆ ಛತ್ರಿ, ಹಲ್ಲಿನ ಡಾಕ್ಟರಿಗೆ ಇಕ್ಕಳ. ಈ ಮನುಷ್ಯನಿಗೆ ಒಂದು ಚಕ್ರ. ಕಳೆದ ವಾರ ಮೇಜಿನ ಮೇಲೆ ಆ ಪುಟ ತೆರೆದಿತ್ತು, ಕಣ್ಣಿಗೆ ಬಿತ್ತು. ಎರಡು ವರ್ಷದಲ್ಲಿ ಹದಿನೇಳು ಸಲ ಅಳತೆ ತೆಗೆದಿದ್ದಾಳೆ. ಎದೆ ಮೂವತ್ತೆಂಟು, ಎದೆ ಮೂವತ್ತೆಂಟು, ಎದೆ ಮೂವತ್ತೆಂಟು. ಒಂದು ಕಡೆ ಮಾತ್ರ ಮೂವತ್ತೆಂಟೂವರೆ, ಪಕ್ಕದಲ್ಲಿ ಅಮ್ಮನ ಅಕ್ಷರದಲ್ಲಿ "ಉಸಿರು ಹಿಡಿದಿದ್ದರು". ಬೆಳೆಯುವ ಮಕ್ಕಳಿಗೂ ವರ್ಷಕ್ಕೆ ಎರಡೇ ಸಲ ಅಳತೆ ತೆಗೆಯುವವಳು ಅವಳು. ನಾನು ಹಾಸ್ಟೆಲಿನಲ್ಲಿ ಕೂತು ಎಂ.ಎ. ಮುಗಿಸುತ್ತಿದ್ದಾಗ ಇಲ್ಲಿ ಇದು ನಡೆದಿದೆ.

ಪಕ್ಕದ ಇಸ್ತ್ರಿ ಚಿಕ್ಕಮ್ಮನನ್ನು ಕೇಳಿದೆ. ಅವಳಿಗೆ ಗೊತ್ತಿಲ್ಲದ್ದು ಊರಲ್ಲಿ ಇಲ್ಲ.

"ಈ ತಿಂಗಳ ಮೂವತ್ತೊಂದಕ್ಕೆ ರಿಟೈರು," ಅಂದಳು, ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು. "ಡಿಪೋ ಕ್ವಾರ್ಟರ್ಸು ಖಾಲಿ ಮಾಡ್ಬೇಕು. ಹೆಂಡತಿ ತೀರಿಕೊಂಡು ಹನ್ನೆರಡು ವರ್ಷ. ಮಕ್ಕಳಿಲ್ಲ ಮರಿಯಿಲ್ಲ. ನಿಮ್ಮ ಅಂಗಡಿ ಹಿಂದೆ ಎರಡು ರೂಮು ಇದೆ. ಇನ್ನು ಕೂಡಿಸೋದು ಕಳೆಯೋದು ನೀನೇ ಮಾಡ್ಕೋ ತಾಯಿ, ಓದಿದವಳು."

ಕೂಡಿಸಿದೆ. ಆವತ್ತಿನಿಂದ ನಿದ್ದೆ ಸರಿಯಾಗಿಲ್ಲ. ಆ ಎರಡು ರೂಮು ಬಿಟ್ಟರೆ ನನಗೂ ಅಮ್ಮನಿಗೂ ಏನಿದೆ? ಅಪ್ಪ ಹೋದ ಮೇಲೆ ಒಂದೊಂದೇ ಹೊಲಿಗೆಯ ಟಾಕು ಹಾಕಿ ಉಳಿಸಿಕೊಂಡ ಮನೆ ಅದು.

ಮೊನ್ನೆ ಅವರು ಅಮ್ಮನಿಗೆ ಒಂದು ಲಕೋಟೆ ಕೊಟ್ಟರು. ಅಮ್ಮ ನನ್ನ ಕಡೆ ನೋಡಿ, ಅದನ್ನು ಕತ್ತರಿಸುವ ಮೇಜಿನ ಕೆಳಗಿನ ಖಾನೆಗೆ ಹಾಕಿ ಬೀಗ ಹಾಕಿದಳು. ಆ ಖಾನೆಗೆ ಬೀಗ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ನೀನು ದೊಡ್ಡವಳು. ಏನು ಮಾಡಲಿ, ಬೇಗ ಬರೆ. ಎಂದಿನಂತೆ ವಾಚನಾಲಯದ ವಿಳಾಸಕ್ಕೇ.

ನಿನ್ನ,
ಬಾಬಿನ್

ಡಿಸೆಂಬರ್ ೧೭
ವಾಚನಾಲಯ

ಪ್ರೀತಿಯ ಅಕ್ಕ,

ಇಷ್ಟು ಬೇಗ ಉತ್ತರ ಬರುತ್ತದೆ ಎಂದುಕೊಂಡಿರಲಿಲ್ಲ. ಪುಟ್ಟಿ ಗೀಚಿದ ಚಿತ್ರ ಸಿಕ್ಕಿತು. ಅದು ಆನೆಯೋ ಭಾವನೋ ಹೇಳಲಿಲ್ಲ ನೀನು.

ಆದರೆ ನಿನ್ನ ಪತ್ರ ಓದಿ ಸಮಾಧಾನವಾಗಲಿಲ್ಲ. "ಮೊಮ್ಮಗಳು ಹುಟ್ಟಿದ ಸುದ್ದಿ ಕೇಳಿಯೂ ಒಂದು ಮಾತು ಆಡದವಳು ಈಗ ಯಾರ ಜೊತೆ ನಕ್ಕರೆ ನನಗೇನು?" ಎಂದು ಬರೆದಿದ್ದೀಯ. ಆ ಸಾಲನ್ನು ಮೂರು ಸಲ ಓದಿದೆ. ಅದರ ಬಗ್ಗೆ ಈಗ ಏನೂ ಬರೆಯಲಾರೆ. ಇನ್ನೊಮ್ಮೆ.

ಇಲ್ಲಿ ರಜೆಯ ಗದ್ದಲ ಶುರುವಾಗಿದೆ. ಲಾಡ್ಜುಗಳೆಲ್ಲ ಭರ್ತಿ. ರಜೆಗೆ ಬಂದವರು ಮೊದಲ ನಾಲ್ಕು ದಿನ ತಿಂದು, ಐದನೇ ದಿನ ಪ್ಯಾಂಟಿನ ಸೊಂಟ ಬಿಡಿಸಲು ನಮ್ಮಲ್ಲಿಗೆ ಬರುತ್ತಾರೆ. ಈ ದಿನಗಳಲ್ಲಿ ಅಮ್ಮನಿಗೆ ನಿನ್ನ ನೆನಪು ಬರುತ್ತದೆ ಎಂದು ನನಗೆ ಗೊತ್ತು, ಯಾಕೆಂದರೆ ಈ ದಿನಗಳಲ್ಲೇ ಅವಳು ನಿನ್ನನ್ನು ಬೈಯುವುದು. "ನಲವತ್ತು ಬಟ್ಟೆ ಕತ್ತರಿಸಿಟ್ಟು, ಮೆಷಿನ್ ರಿಪೇರಿಗೆ ಬಂದವನ ಜೊತೆ ಹೋದಳು. ಮೆಷಿನ್ನಾದರೂ ರಿಪೇರಿ ಮಾಡಿ ಕರ್ಕೊಂಡು ಹೋಗಬಾರದಿತ್ತಾ ಅವನು?" ಆರು ವರ್ಷದಿಂದ ಇದೇ ಮಾತು, ಒಂದಕ್ಷರ ಬದಲಾಗಿಲ್ಲ. ಈ ವರ್ಷ ಮಾತ್ರ ಬೈದಿಲ್ಲ. ಅದೂ ನನಗೆ ಅನುಮಾನ.

ಈಗ ವಿಷಯಕ್ಕೆ ಬರುತ್ತೇನೆ. ಶನಿವಾರ ವಾಚನಾಲಯ ಅರ್ಧ ದಿನ. ನಾನು ಹಿಂದಿನ ಬಾಗಿಲಿನಿಂದ ಮನೆಗೆ ಬಂದೆ. ಅಂಗಡಿಗೂ ಒಳಮನೆಗೂ ನಡುವೆ ಆ ಹಳೇ ನೀಲಿ ಪರದೆ. ಪರದೆಯ ಅಂಚಿನಿಂದ ಕನ್ನಡಿ ಕಾಣುತ್ತದೆ. ಕನ್ನಡಿಯಲ್ಲಿ ಅಮ್ಮ ನೆಟ್ಟಗೆ ನಿಂತಿದ್ದಳು. ಅವಳ ಹಿಂದೆ ಡ್ರೈವರ್. ಕೈಯಲ್ಲಿ ಅಮ್ಮನ ಟೇಪು!

"ಭುಜದಿಂದ ಭುಜಕ್ಕೆ. ಮೂಳೆ ಸಿಗುತ್ತಲ್ಲ, ಅಲ್ಲಿಂದ," ಅಂದಳು ಅಮ್ಮ.

"ಸಿಕ್ತು."

"ಎಳೀಬೇಡಿ. ಅದು ಹ್ಯಾಂಡ್‌ಬ್ರೇಕ್ ಅಲ್ಲ."

"ಹದಿನಾಲ್ಕೂವರೆ. ತಡೀರಿ, ಹದಿನಾಲ್ಕು. ಕನ್ನಡಕ ಬಸ್ಸಲ್ಲೇ ಬಿಟ್ಟು ಬಂದಿದೀನಿ."

"ಅಯ್ಯೋ! ಕನ್ನಡಕ ಇಲ್ದೆ ನಲವತ್ತು ಜನರನ್ನ ಕೂರಿಸ್ಕೊಂಡು ಬಂದ್ರಾ?"

"ಅದು ಓದೋ ಕನ್ನಡಕ ಟೈಲರಮ್ಮ. ರಸ್ತೆ ನನಗೆ ಬಾಯಿಪಾಠ."

ಅಮ್ಮ ನಕ್ಕಳು. ಆಮೇಲೆ ಬೇರೆಯೇ ದನಿಯಲ್ಲಿ ಅಂದಳು: "ಎದೆ, ಸೊಂಟ, ತೋಳು ಎಲ್ಲ ನನಗೆ ನಾನೇ ತಗೋಬಹುದು. ಬೆನ್ನಿನ ಅಳತೆ ಮಾತ್ರ ಒಬ್ಬರೇ ತಗೊಳ್ಳೋಕಾಗಲ್ಲ. ಇಷ್ಟು ವರ್ಷ ಅಂದಾಜಿನ ಮೇಲೆ ಹೊಲ್ಕೊಂಡಿದೀನಿ."

ಅವರು ಟೇಪನ್ನು ಎರಡೂ ಕೈಯಲ್ಲಿ ಸುತ್ತಿ ಮೇಜಿನ ಮೇಲಿಟ್ಟರು. ಮುಟ್ಟಬಾರದ್ದನ್ನು ಮುಟ್ಟಿದವರ ಹಾಗೆ ಒಂದು ಹೆಜ್ಜೆ ಹಿಂದೆ ಸರಿದರು. ನಾನು ಕೂಡ ಸರಿಯಬೇಕಿತ್ತು. ಸರಿಯಲಿಲ್ಲ.

"ಆ ಫಾರಂ?" ಎಂದು ಕೇಳಿದರು. "ಒಂದು ಕಾಲಂ ಬಿಟ್ಟು ಎಲ್ಲ ತುಂಬಿದೀನಿ. ಸಹಿ ನಿಮ್ಮದು."

"ಅದೊಂದು ಕಾಲಮ್ಮೇ ಕಷ್ಟ. ಚಿಕ್ಕವಳಿಗೆ ಇನ್ನೂ ಹೇಳಿಲ್ಲ."

ಚಿಕ್ಕವಳು ಅಂದರೆ ನಾನು. ಸಹಿ, ಫಾರಂ, ನನಗೆ ಹೇಳದ ವಿಷಯ. ಇದು ಮನೆ ಬರೆಸಿಕೊಳ್ಳುವ ಪತ್ರವಲ್ಲದೆ ಇನ್ನೇನು?

ಮಾರನೇ ದಿನ ಅವರ ಹಿಂದೆಯೇ ಹೋದೆ. ಹೌದು, ಹಿಂಬಾಲಿಸಿದೆ. ನಾಚಿಕೆಯಾಯಿತು, ಆದರೂ ಹೋದೆ. ಡಿಪೋದ ಗೋಡೆಗೆ ಒರಗಿ ಅವರು ಬಸ್ಸಿನ ಗಾಜು ಒರೆಸುವುದನ್ನು ನೋಡಿದೆ. ಹೊಸ ಬಸ್ಸು. ಹಳೆಯದನ್ನು ಎರಡು ತಿಂಗಳ ಹಿಂದೆ ಗುಜರಿಗೆ ಹಾಕಿದರಂತೆ. ಮುಂದಿನ ಬೋರ್ಡ್ ಓದಿದೆ. ಅದು ನಿನ್ನ ಊರಿನ ಬಸ್ಸು. ದಿನಾ ಹೋಗಿ ದಿನಾ ಬರುತ್ತದೆ.

ಅಕ್ಕ, ಈ ಮನುಷ್ಯ ನಿನಗೆ ಗೊತ್ತಾ? ನನ್ನಿಂದ ಏನನ್ನಾದರೂ ಮುಚ್ಚಿಡುತ್ತಿದ್ದೀಯಾ? ಸಿಟ್ಟಾಗಬೇಡ, ಕೇಳಲೇಬೇಕಾಗಿದೆ.

ನಿನ್ನೆ ಅವರೇ ವಾಚನಾಲಯಕ್ಕೆ ಬಂದರು. "ನಿಮ್ಮ ಉದ್ದೇಶವೇನು?" ಎಂದು ಕೇಳಬೇಕೆಂದು ಎರಡು ದಿನದಿಂದ ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದೆ. ಅವರು ಎದುರಿಗೆ ನಿಂತಾಗ ಬಾಯಿಂದ ಬಂದದ್ದು, "ಪೇಪರ್ ಅಲ್ಲಿದೆ." ಅವರು ಪೇಪರ್ ಕಡೆ ನೋಡಲೇ ಇಲ್ಲ. ನನ್ನ ಬೆರಳಿನ ಶಾಯಿ ನೋಡಿದರು.

"ಈಗ ಕಾಗದ ಬರೆಯೋರು ಕಮ್ಮಿ ಆದ್ರು. ಯಾರಿಗೆ ಬರೀತೀಯಮ್ಮಾ?"

"ಗೆಳತಿಗೆ."

"ಒಳ್ಳೇದು. ಗೆಳತಿಯಾದ್ರೂ ಉತ್ತರ ಬರೀತಾಳಲ್ಲ," ಅಂದು ಹೋದರು.

ಇದರ ಅರ್ಥವೇನು? ನೀನೇ ಹೇಳು.

ನಿನ್ನ,
ಬಾಬಿನ್

ಡಿಸೆಂಬರ್ ೨೪
ಮನೆ, ಕತ್ತರಿಸುವ ಮೇಜಿನ ಮೇಲೆ

ಪ್ರೀತಿಯ ಅಕ್ಕ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ತುರ್ತು ಅಂಚೆಗೆ ಹಾಕುತ್ತೇನೆ, ನಾಡಿದ್ದಿಗೆ ತಲುಪಬೇಕು. ಇದನ್ನು ಕೂತು ಓದು. ಪುಟ್ಟಿಯನ್ನು ಭಾವನ ಕೈಗೆ ಕೊಟ್ಟು ಓದು.

ಮೊನ್ನೆ ಮಧ್ಯಾಹ್ನ ಅಮ್ಮ ಲಾಡ್ಜಿಗೆ ಬಟ್ಟೆ ಕೊಡಲು ಹೋಗಿದ್ದಳು. ಖಾನೆಯ ಕೀಲಿಯನ್ನು ಎಲ್ಲಿಡುತ್ತಾಳೆ ಎಂದು ಯೋಚಿಸಬೇಕಾಗಿಯೇ ಇರಲಿಲ್ಲ. ಅವಳು ಬೆಲೆಬಾಳುವುದನ್ನೆಲ್ಲ ಸೂಜಿಡಬ್ಬಿಯಲ್ಲಿ ಇಡುತ್ತಾಳೆ, ಕೈ ಹಾಕಿದವರಿಗೆ ಚುಚ್ಚಲಿ ಅಂತ. ನನಗೂ ಚುಚ್ಚಿತು.

ಮೇಲೆಯೇ ಆ ಫಾರಂ ಇತ್ತು. ಮನೆಯ ಪತ್ರವಲ್ಲ. "ನಿವೃತ್ತರಾಗುವ ಚಾಲಕರ ಕೊನೆಯ ಟ್ರಿಪ್, ಮನೆಯವರಿಗೆ ಮುಂದಿನ ಸೀಟುಗಳ ಕೋರಿಕೆ." ಕೊನೆಯ ದಿನ ಡ್ರೈವರ್ ತನ್ನವರನ್ನು ಮುಂದಿನ ನಾಲ್ಕು ಸೀಟಿನಲ್ಲಿ ಕೂರಿಸಿಕೊಂಡು ಹೋಗಬಹುದಂತೆ. ಆ ಮನುಷ್ಯನಿಗೆ ತನ್ನವರು ಯಾರೂ ಇಲ್ಲ. ಅಮ್ಮನನ್ನು ಕೇಳಿದ್ದಾರೆ. "ಚಾಲಕರೊಂದಿಗೆ ಸಂಬಂಧ" ಎಂಬ ಕಾಲಮ್ಮಿನಲ್ಲಿ ಅಮ್ಮ ಏನೇನೋ ಬರೆದು ರಬ್ಬರಿನಿಂದ ಅಳಿಸಿದ್ದಾಳೆ, ಕಾಗದ ಸವೆದಿದೆ. ಕೊನೆಗೆ ಪೆನ್ಸಿಲಿನಲ್ಲಿ ಬರೆದಿದ್ದಾಳೆ: ಟೈಲರ್.

ನಗು ಬಂತು. ಆದರೆ ಫಾರಮ್ಮಿನ ಕೆಳಗೆ ಇದ್ದದ್ದು ನೋಡಿ ನಗು ನಿಂತಿತು. ಫ್ರಾಕುಗಳು, ಅಕ್ಕ. ಐದು. ಒಂದಕ್ಕಿಂತ ಒಂದು ದೊಡ್ಡದು. ಒಂದನ್ನೂ ಯಾರೂ ತೊಟ್ಟಿಲ್ಲ, ಮಡಿಕೆಗಳೇ ಹೇಳುತ್ತವೆ. ಅವುಗಳ ಕೆಳಗೆ ಅಳತೆ ಪುಸ್ತಕ. ಒಂದು ಪುಟದ ತಲೆಯ ಮೇಲೆ ಅಮ್ಮ ಚಿತ್ರ ಹಾಕಿರಲಿಲ್ಲ, ಅಡ್ಡಲಾಗಿ ಬರೀ ಒಂದು ಗೆರೆ. ಅದರ ಕೆಳಗೆ: ಗೆರೆಗೆ ಹನ್ನೆರಡು ಬೆರಳು ಕಡಿಮೆ. ಗೆರೆಗೆ ಒಂಬತ್ತು ಬೆರಳು ಕಡಿಮೆ. ಎಂಟು. ಏಳು. ಆರು. ಕೊನೆಯದು ಈ ತಿಂಗಳದು: ಗೆರೆಗೆ ಎರಡು ಬೆರಳು ಕಡಿಮೆ.

ನಿನ್ನ ಹಳೆಯ ಪತ್ರವೊಂದು ಆಗ ನೆನಪಾಯಿತು. "ನಮ್ಮ ಬಸ್ಸಿನಲ್ಲಿ ಒಬ್ಬ ತಮಾಷೆಯ ಡ್ರೈವರ್ ಇದ್ದಾರೆ," ಎಂದು ಬರೆದಿದ್ದೆ. "ಬಾಗಿಲ ಹತ್ತಿರ ಅರ್ಧ ಟಿಕೆಟ್ಟಿನ ಗೆರೆ ಇದೆಯಲ್ಲ, ಮಕ್ಕಳ ತಲೆ ಆ ಗೆರೆ ಮುಟ್ಟಿದರೆ ಟಿಕೆಟ್ ಕೊಳ್ಳಬೇಕು. ಪುಟ್ಟಿ ಬಸ್ ಹತ್ತಿದಾಗಲೆಲ್ಲ, ಬಾರಮ್ಮ ಟಿಕೆಟ್ ಬಿತ್ತಾ ನೋಡೋಣ, ಅಂತ ಅಲ್ಲಿ ನಿಲ್ಲಿಸಿ ಬೆರಳಿಟ್ಟು ಅಳೆಯುತ್ತಾರೆ."

ಅವರು ಅಳೆದು ತಂದದ್ದನ್ನು ಅಮ್ಮ ಬರೆದುಕೊಂಡಿದ್ದಾಳೆ. ಬರೆದು ಹೊಲಿದಿದ್ದಾಳೆ.

ಎಲ್ಲವನ್ನೂ ಹಾಗೇ ಇಟ್ಟು ಬೀಗ ಹಾಕಿದೆ. ಯಾರಿಗೂ ಏನೂ ಹೇಳಬಾರದು ಎಂದುಕೊಂಡೆ. ಯಾಕೆಂದು ಮುಂದೆ ಹೇಳುತ್ತೇನೆ.

ಸಂಜೆ ಅಮ್ಮ ಹಳದಿ ಬಟ್ಟೆಯೊಂದನ್ನು ಮೆಷಿನ್ನಿಗೆ ಕೊಟ್ಟಳು. "ಲಾಡ್ಜಿಗೆ ಬಂದವರ ಮಗುವಿಗೆ," ಅಂದಳು, ನಾನು ಕೇಳದಿದ್ದರೂ. ಆರನೆಯ ಫ್ರಾಕು. ಎದುರು ಕೂತು ಪುಸ್ತಕ ಹಿಡಿದುಕೊಂಡೆ, ಒಂದು ಸಾಲೂ ಓದಲಿಲ್ಲ. ಅವಳು ಕೆಳಗಿನ ಅಂಚು ಮಡಿಸಿ ಗುಂಡುಸೂಜಿ ಹಾಕುತ್ತಿದ್ದಳು. ನೋಡುತ್ತಿದ್ದಂತೆ ನನಗೆ ಗೊತ್ತಾಯಿತು, ಅದು ತಪ್ಪು ಅಳತೆ. ಪುಟ್ಟಿ ಅದನ್ನು ತೊಟ್ಟರೆ ಅಂಚು ತುಳಿದು ಮುಗ್ಗರಿಸುತ್ತಾಳೆ.

ಲೆಕ್ಕ ಸುಲಭ. ಹಳೇ ಬಸ್ಸಿನ ಗೆರೆ ನಲವತ್ತು ಇಂಚಿಗೆ ಇತ್ತು, ಅಮ್ಮ ಪುಟದ ಮೂಲೆಯಲ್ಲಿ ಬರೆದುಕೊಂಡಿದ್ದಾಳೆ. ಎರಡು ಬೆರಳು ಅಂದರೆ ಒಂದೂವರೆ ಇಂಚು. ಅವಳ ಲೆಕ್ಕದಲ್ಲಿ ಪುಟ್ಟಿ ಮೂವತ್ತೆಂಟೂವರೆ. ಆದರೆ ನೀನು ಟೈಲರ್ ಮಗಳು, ಕಳೆದ ತಿಂಗಳೇ ಅಳೆದು ನನಗೆ ಬರೆದಿದ್ದೆ: ಮೂವತ್ತೈದೂವರೆ. ಹೊಸ ಬಸ್ಸಿನಲ್ಲಿ ಗೆರೆಯನ್ನು ಕೆಳಗೆ ಬಳಿದಿದ್ದಾರೆ! ಡ್ರೈವರ್ ಬರೀ ಬೆರಳು ಎಣಿಸಿಕೊಂಡು ಬಂದಿದ್ದಾರೆ, ಗೆರೆಯ ಎತ್ತರ ನೋಡಿಲ್ಲ. ಇದನ್ನು ತಿಳಿದಿರುವವಳು ಈ ಮನೆಯಲ್ಲಿ ನಾನೊಬ್ಬಳೇ. ಬಾಯಿ ಬಿಟ್ಟರೆ, ಹೇಗೆ ತಿಳಿಯಿತು ಎಂದು ಹೇಳಬೇಕು. ಬಿಡದಿದ್ದರೆ, ಎರಡು ವರ್ಷ ಬೆರಳೆಣಿಸಿ ಹೊಲಿದವಳ ಕೊನೆಯ ಫ್ರಾಕು ತಪ್ಪಾಗುತ್ತದೆ.

ಅಮ್ಮ ಅಂಚಿಗೆ ಸೂಜಿ ಇಳಿಸಿದಳು.

"ಅಮ್ಮಾ, ಅದು ಉದ್ದ ಆಯ್ತು."

"ಯಾವುದು?"

"ಫ್ರಾಕು. ಎರಡು ಇಂಚು ಕಡಿಮೆ ಮಾಡು."

ಮೆಷಿನ್ ನಿಂತಿತು. "ಲಾಡ್ಜಿನ ಮಗುವನ್ನ ನೀನು ಎಲ್ಲಿ ನೋಡಿದೆ?"

"ಲಾಡ್ಜಿನ ಮಗು ಅಲ್ಲ ಅಂತ ಗೊತ್ತು. ಅವಳ ಎತ್ತರ ಮೂವತ್ತೈದೂವರೆ, ಮೂವತ್ತೆಂಟೂವರೆ ಅಲ್ಲ. ಗೆರೆ ಬದಲಾಗಿದೆ."

ಅಮ್ಮ ಕನ್ನಡಕ ತೆಗೆದಳು. "ನಿನಗೆ ಹೇಗೆ ಗೊತ್ತು?"

ಹೇಳಿದೆ. ವಾಚನಾಲಯದ ವಿಳಾಸ, ನಿನ್ನ ಪತ್ರಗಳು, ಪುಟ್ಟಿ ಹುಟ್ಟಿದ ದಿನ, ಎಲ್ಲ. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಫ್ರಾಕಿನ ಅಂಚನ್ನು ಬಿಚ್ಚತೊಡಗಿದಳು, ಒಂದೊಂದೇ ಹೊಲಿಗೆ. ಬಿಚ್ಚುತ್ತಲೇ ಒಂದು ಮಾತು: "ಮೂರು ವರ್ಷ." ಆಮೇಲೆ, "ಮೂವತ್ತೈದೂವರೆ ಸರಿಯಾಗಿ ನೋಡಿ ಬರೆದಿದಾಳಾ? ಮಗೂನ ಹಿಮ್ಮಡಿ ಜೋಡಿಸಿ ನಿಲ್ಲಿಸಿದ್ದಳಂತಾ? ಅವಳಿಗೆ ಯಾವಾಗಲೂ ಅವಸರ."

ಆಮೇಲೆ ಅವಳೂ ಹೇಳಿದಳು. ಎರಡು ವರ್ಷದ ಹಿಂದೆ ಡ್ರೈವರ್ ಮೊದಲ ಸಲ, ನಿಜವಾಗಿಯೇ ಹರಿದ ಅಂಗಿ ಹಿಡಿದು ಬಂದಿದ್ದರಂತೆ. ಕನ್ನಡಿ ಪಕ್ಕದ ನಮ್ಮಿಬ್ಬರ ಫೋಟೋ ನೋಡಿ, "ಈ ದೊಡ್ಡ ಹುಡುಗಿ ನನ್ನ ಬಸ್ಸಿಗೆ ಬರ್ತಾಳೆ, ಕಂಕುಳಲ್ಲಿ ಮಗು ಇರುತ್ತೆ," ಅಂದರಂತೆ. ಅಮ್ಮನಿಗೆ ಮೊಮ್ಮಗಳಿದ್ದಾಳೆ ಎಂದು ಗೊತ್ತಾದದ್ದು ಹಾಗೆ, ಅಂಗಿ ಹೊಲಿಸಲು ಬಂದ ಅಪರಿಚಿತನ ಬಾಯಿಂದ.

"ಹೊಸಿಲು ತುಳೀಬೇಡ ಅಂದವಳು ನಾನೇ," ಅಂದಳು ಅಮ್ಮ. "ಆದ್ರೆ ಮಗು ಆದದ್ದನ್ನೂ ಹೇಳಬಾರದು ಅನ್ನುವಷ್ಟು ಸಿಟ್ಟು ಅವಳಿಗಿದೆ ಅಂದ್ಕೊಂಡೆ. ಹೇಳದವಳ ಮನೆಗೆ ಫ್ರಾಕು ಹಿಡ್ಕೊಂಡು ಹೇಗೆ ಹೋಗ್ಲಿ?"

ಈಗ ನಾನು ನಿನಗೆ ಹೇಳಬೇಕಾದದ್ದು.

ಪುಟ್ಟಿ ಹುಟ್ಟಿದಾಗ, "ಅಮ್ಮನಿಗೆ ನೀನೇ ಹೇಳು, ಅವಳು ಏನಂದಳೋ ಬರೆ," ಎಂದು ನೀನು ಬರೆದಿದ್ದೆ. ನಾನು ಹೇಳಲೇ ಇಲ್ಲ. "ಅಮ್ಮ ಏನೂ ಅನ್ನಲಿಲ್ಲ," ಎಂದು ನಿನಗೆ ಬರೆದೆ. ಆ ಸಾಲಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎಂದು ಆಗ ಸಮಾಧಾನ ಮಾಡಿಕೊಂಡಿದ್ದೆ. ಸಾಹಿತ್ಯ ಓದಿದ್ದಕ್ಕೆ ಅಷ್ಟಾದರೂ ಉಪಯೋಗವಾಯಿತು. ಡ್ರೈವರನ್ನು ಕಳ್ಳನ ಹಾಗೆ ಕಾದೆ, ಅಮ್ಮನ ಬೀಗ ತೆಗೆದೆ, ನಿನ್ನನ್ನೂ ಬಿಡದೆ ಶಂಕಿಸಿದೆ. ಬಚ್ಚಿಟ್ಟವಳು ನಾನು. ನೀನು ಅಮ್ಮನನ್ನು ಕಲ್ಲು ಎಂದುಕೊಂಡೆ, ಅಮ್ಮ ನಿನ್ನನ್ನು ಕಲ್ಲು ಎಂದುಕೊಂಡಳು. ನಡುವೆ ಗೋಡೆ ಕಟ್ಟಿದ್ದು ಒಂದೇ ಸಾಲಿನಿಂದ ನಾನು. ನಿನಗೆ ಸಿಟ್ಟು ಬಂದರೆ ಅದು ನನ್ನ ಮೇಲ್ವಿಳಾಸಕ್ಕೇ ಬರಲಿ. ಅಮ್ಮನ ವಿಳಾಸಕ್ಕೆ ಹೋಗಬಾರದು. ಅದಕ್ಕೇ ಈ ತುರ್ತು ಅಂಚೆ.

ಮೂವತ್ತೊಂದನೇ ತಾರೀಖು ಬೆಳಿಗ್ಗೆ ಏಳಕ್ಕೆ ಬಸ್ಸು ಇಲ್ಲಿಂದ ಹೊರಡುತ್ತದೆ. ಹನ್ನೊಂದೂ ಹತ್ತಕ್ಕೆ ನಿನ್ನ ಸ್ಟಾಪಿನಲ್ಲಿ ನಿಲ್ಲುತ್ತದೆ. ಡ್ರೈವರಿನ ಹಿಂದಿನ ಕಿಟಕಿ ಸೀಟಿನಲ್ಲಿ ಅಮ್ಮ ಇರುತ್ತಾಳೆ, ಹೊಸ ಬ್ಲೌಸು ತೊಟ್ಟು. ಬೆನ್ನಿಗೆ ಸರಿಯಾಗಿ ಕೂತ ಮೊದಲನೇ ಬ್ಲೌಸು. ಪಕ್ಕದಲ್ಲಿ ನಾನು. ಇನ್ನೆರಡು ಸೀಟು ಖಾಲಿ. ಬಸ್ಸು ಮುಂದಿನ ಊರಿನವರೆಗೆ ಹೋಗಿ ಮತ್ತೆ ನಿಮ್ಮಲ್ಲಿಗೇ ಬಂದು ಇಲ್ಲಿಗೆ ಮರಳುತ್ತದೆ. ಭಾವ ಬೇಕಾದರೆ ಹಿಂದಿನ ಸೀಟಿನಲ್ಲಿ ಕೂರಲಿ. "ಅವನು ಬರೋದಾದ್ರೆ ಟೂಲ್ಸ್ ತರಲಿ, ಆ ಮೆಷಿನ್ ಇನ್ನೂ ದಾರ ಹರೀತಿದೆ," ಅಂದಳು ಅಮ್ಮ. ಇದಕ್ಕಿಂತ ಹೆಚ್ಚಿನ ಆಮಂತ್ರಣ ಅವಳ ಬಾಯಿಂದ ಬರುವುದಿಲ್ಲ.

"ನೀನೇ ಇಳಿದು ಕರೀಬಹುದಲ್ಲ?" ಎಂದೆ, ನಿನ್ನೆ ಸಂಜೆ.

"ಕಾಲು ಬರುತ್ತೋ ಇಲ್ವೋ ಆಗ ನೋಡೋಣ," ಅಂದಳು. ಡ್ರೈವರ್ ಅಲ್ಲೇ ಕೂತಿದ್ದರು. "ಇಳೀಬೇಡಿ ಟೈಲರಮ್ಮ, ಬಾಗಿಲಲ್ಲೇ ನಿಂತ್ಕೊಳ್ಳಿ. ಗೆರೆ ಹತ್ರ ಮಗೂನ ನಿಲ್ಲಿಸಿ ಅಳೆಯೋ ಕೆಲಸ ಈ ಸಲ ನಿಮ್ಮದು. ನನ್ನ ಅಳತೆ ನೋಡಿದ್ರಲ್ಲ, ಮೂರಿಂಚು ಮೋಸ," ಅಂದರು.

ಅವರ ವಿಷಯವೂ ಕೇಳಿದೆ, ನೇರವಾಗಿ. ಅಮ್ಮ ಒಬ್ಬಳೇ ಇದ್ದಾಗ. "ಕ್ವಾರ್ಟರ್ಸ್ ಬಿಟ್ಟು ಇಲ್ಲಿಗೆ ಬರ್ತಾರಾ?"

"ಇಸ್ತ್ರಿಯವಳ ಮಹಡಿ ರೂಮು ಬಾಡಿಗೆಗೆ ಹಿಡಿದಿದಾರೆ. ಗುಂಡಿ ಹೊಲಿಸೋಕೆ ದೂರ ಆಗಬಾರದಂತೆ."

ಇಸ್ತ್ರಿ ಚಿಕ್ಕಮ್ಮ ನನ್ನ ಹತ್ತಿರ ಲೆಕ್ಕ ಕೂಡಿಸು ಅಂದಾಗಲೇ ಮುಂಗಡ ತೆಗೆದುಕೊಂಡಿದ್ದಳಂತೆ, ನೋಡು ಅವಳ ಬುದ್ಧಿ!

"ಮುಂದೆ?" ಎಂದೆ.

"ಮುಂದಿನದು ಮುಂದೆ. ನಾನು ಯಾವ ಬಟ್ಟೆಗೂ ಮೊದಲೇ ಪಕ್ಕಾ ಹೊಲಿಗೆ ಹಾಕಲ್ಲ. ಮೊದಲು ಕಚ್ಚಾ ಹಾಕಿ ತೊಡಿಸಿ ನೋಡ್ಬೇಕು," ಅಂದಳು. ಕಿವಿ ಕೆಂಪಾಗಿತ್ತು. ನನ್ನ ಅನುಮಾನ ಪೂರ್ತಿ ಹೋಗಿಲ್ಲ, ಆ ಬ್ಲೇಡಿನ ವಿಷಯವನ್ನು ಒಂದು ದಿನ ಕೇಳಿಯೇ ತೀರುತ್ತೇನೆ. ಆದರೆ ಅನುಮಾನ ಪಡುವವರ ಪಟ್ಟಿಯಲ್ಲಿ ಈಗ ಮೊದಲ ಹೆಸರು ಅವರದಲ್ಲ.

ಆಶೀರ್ವಾದ ಮಾಡುವ ವಯಸ್ಸು ನನ್ನದಲ್ಲ. ಪುಟ್ಟಿಗೆ ಮಾತ್ರ ಮಾಡಬಹುದು: ಯಾವ ಬಸ್ಸಿನ ಗೆರೆಯನ್ನೂ ಮೀರಿ ಬೆಳೆಯಲಿ, ಕಾಲಿಗೆ ಅಂಚು ತೊಡರದೆ ಓಡಾಡಲಿ. ಭಾವನಿಗೆ ನಮಸ್ಕಾರ. ನಿನಗೆ ಕೊಡಲು ನನ್ನ ಹತ್ತಿರ ಇರುವುದು ಈ ಕ್ಷಮೆಯ ಮಾತೊಂದೇ. ಹನ್ನೊಂದೂ ಹತ್ತು, ಮರೆಯಬೇಡ. ಡ್ರೈವರ್ ಎಷ್ಟು ಹೊತ್ತು ಬೇಕಾದರೂ ನಿಲ್ಲಿಸುತ್ತಾರಂತೆ, ಇನ್ನು ಅವರ ಮೇಲೆ ಯಾರು ರಿಪೋರ್ಟ್ ಬರೆಯುತ್ತಾರೆ?

ನಿನ್ನ ತಂಗಿ,
ಬಾಬಿನ್

ತಾ.ಕ.: ಯಾಕೆ ಬಚ್ಚಿಟ್ಟೆ ಎಂದು ಅಮ್ಮ ಕೇಳಲಿಲ್ಲ. ನೀನು ಕೇಳುತ್ತೀಯ, ಅದಕ್ಕೆ ಬರೆಯುತ್ತೇನೆ. ನೀನು ಹೋದ ಮೇಲೆ ಈ ಮನೆಯಲ್ಲಿ ನೀನೇ ಹೆಚ್ಚು ಇದ್ದೆ. ನಿನ್ನ ಪತ್ರಗಳು ಮಾತ್ರ ನನ್ನೊಬ್ಬಳ ಹೆಸರಿಗೆ ಬರುತ್ತಿದ್ದವು. ಅದರಲ್ಲಿ ಪಾಲು ಕೊಡಲು ಮನಸ್ಸಾಗಲಿಲ್ಲ. ಆವತ್ತು ಖಾನೆ ತೆಗೆದಾಗ ಅಳತೆ ಪುಸ್ತಕವನ್ನು ಪೂರ್ತಿ ನೋಡಿದೆ. ಕತ್ತರಿಯ ಚಿತ್ರ ಇರುವ ಪುಟ ನಿನ್ನದು. ಅದು ನಿಂತಿಲ್ಲ. ಪ್ರತಿ ಡಿಸೆಂಬರಿನಲ್ಲೂ ಪೆನ್ಸಿಲಿನಲ್ಲಿ ಒಂದು ಸಾಲು, ಸೊಂಟ ಅರ್ಧ ಇಂಚು ಜಾಸ್ತಿ ಆಗಿರಬಹುದು, ತೋಳು ಇಳಿದಿರಬಹುದು, ಹೀಗೆ. ಮೆಷಿನ್ನಿನ ದಾರ ಸುತ್ತುವ ಬಾಬಿನ್ ಚಿತ್ರದ ಪುಟ ನನ್ನದು. ಅದರ ಕೊನೆಯ ಸಾಲಿನ ತಾರೀಖು ನೀನು ಹೋಗುವುದಕ್ಕೆ ಎರಡು ವಾರ ಮೊದಲಿನದು. ಆಗ ನನಗೆ ಹದಿನೇಳು. ಆಮೇಲೆ ಪುಟ ಖಾಲಿ. ಆರು ವರ್ಷ ನೀನು ಬಿಟ್ಟುಹೋದ ಬಟ್ಟೆಗಳಿಗೇ ಅಲ್ಲೊಂದು ಇಲ್ಲೊಂದು ಟಾಕು ಹಾಕಿ ತೊಡಿಸಿದಳು, ನಾನು ತೊಟ್ಟೆ. ಎದುರಿಗೇ ಇದ್ದವಳ ಅಳತೆ ಯಾರಿಗೂ ಬೇಕಾಗಲಿಲ್ಲ. ನಿನ್ನೆ ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಟೇಪು ತೆಗೆದುಕೊಂಡು ಕನ್ನಡಿಯ ಮುಂದೆ ನಿಂತೆ. ಎದೆ, ಸೊಂಟ, ತೋಳು ಅಳೆದು ನನ್ನ ಪುಟದಲ್ಲಿ ನಾನೇ ಬರೆದುಕೊಂಡೆ. ಬೆನ್ನಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ.